ಬಾಗಿಲು ತಾತನ ಬಾಗಿಲಿಲ್ಲದ ಕೋಣೆ

“ಅಮ್ಮಾ, ಬಾಗಿಲು ತಾತ ಎಲ್ಲರಿಗೂ ಬಾಗಿಲು ಮಾಡಿಕೊಡ್ತಾರಲ್ಲ, ಅವರ ಕೋಣೆಗೇ ಯಾಕೆ ಬಾಗಿಲಿಲ್ಲ?”

ಮಗಳು ಇದನ್ನು ಕೇಳಿದ್ದು ಬಚ್ಚಲುಮನೆಯಲ್ಲಿ, ತಲೆತುಂಬ ಸೋಪಿನ ನೊರೆ ಹೊತ್ತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ತಾಯಿ ಒಂದು ಚೊಂಬು ನೀರು ಹೆಚ್ಚಿಗೆ ಸುರಿದಳು. ಬಾಯಿಗೆ ನೀರು ಹೋದರೆ ಮಕ್ಕಳು ಪ್ರಶ್ನೆ ಮರೆಯುತ್ತಾರೆ. ಈ ಮಗು ಮರೆಯುವ ಪೈಕಿಯಲ್ಲ.

“ಸೆಖೆ ಅಂತ ತೆಗೆದುಹಾಕಿರ್ಬೇಕು ಬಿಡು.”

“ಚಳಿ ಇದ್ದಾಗಲೂ ಇರ್ಲಿಲ್ಲ.”

“ಹಾಗಾದ್ರೆ ನನ್ನನ್ಯಾಕೆ ಕೇಳ್ತೀಯಾ, ಅವರನ್ನೇ ಕೇಳು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಮಗು “ಹೂಂ, ಕೇಳ್ತೀನಿ” ಎಂದಾಗಿತ್ತು. ಅದು ಹೂಂ ಎಂದರೆ ಮುಗಿಯಿತು.

ಬಾಗಿಲು ತಾತ ಎಂದರೆ ಅವರ ಮನೆಯ ಕೆಳಗಿರುವ ಬಡಗಿ. ಮನೆಯ ಯಜಮಾನರೂ ಅವರೇ. ಬೀದಿಗೆ ಮುಖಮಾಡಿ ಮರಗೆಲಸದ ಮಳಿಗೆ, ಅದರ ಬೆನ್ನಿಗೆ ಒಂದು ಪಾಲಿಷ್ ಕೋಣೆ, ಅದರ ಹಿಂದೆ ಅವರ ಸಂಸಾರದ ಮನೆ. ಮೇಲಿನ ಮಹಡಿ ಈ ತಾಯಿ, ಅವಳ ಗಂಡ, ಮಗು ಇವರಿಗೆ. ರಕ್ತಸಂಬಂಧ ಏನೂ ಇಲ್ಲ. ಹೋಗುವ ಚರ್ಚು ಒಂದು, ಹತ್ತುವ ಮೆಟ್ಟಿಲು ಒಂದು, ನೀರಿನ ತೊಟ್ಟಿ ಒಂದು. ಅಷ್ಟರಲ್ಲೇ ಅವರು ಅವಳಿಗೆ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ ಆಗಿಬಿಟ್ಟಿದ್ದರು.

ಅವರು ಬಾಗಿಲು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಯಾರಾದರೂ ಕುರ್ಚಿ ಕೇಳಿಕೊಂಡು ಬಂದರೆ, “ಕೂರೋದಕ್ಕೆ ಬೇರೆಯವರ ಹತ್ರ ಹೋಗಿ ಸ್ವಾಮಿ, ಒಳಗೆ ಹೋಗೋದಕ್ಕೆ ಮಾತ್ರ ನನ್ನ ಹತ್ರ ಬನ್ನಿ” ಅನ್ನುತ್ತಾರೆ. ಕೈ ಎಲ್ಲಿ ಬಿಟ್ಟಿತೋ ಅಲ್ಲೇ ನಿಲ್ಲಬೇಕು, ಗಾಳಿಗೆ ತಾನಾಗಿ ಮುಚ್ಚಬಾರದು, ತಾನಾಗಿ ತೆರೆಯಲೂಬಾರದು: ಅದು ಅವರ ಲೆಕ್ಕದಲ್ಲಿ ಬಾಗಿಲು. ಆ ಬೀದಿಯ ಅರ್ಧಕ್ಕರ್ಧ ಮನೆಗಳ ಬಾಗಿಲು ಅವರವು. ಚರ್ಚಿನ ದೊಡ್ಡ ಬಾಗಿಲೂ ಅವರದೇ.

ಪಾಲಿಷ್ ಕೋಣೆಗೆ ಬಾಗಿಲು ಬೇಕೇ ಬೇಕು. ಹಸಿ ಪಾಲಿಷಿನ ಮೇಲೆ ಮರದ ಹೊಟ್ಟು ಬಂದು ಕೂತರೆ ಬಾಗಿಲಿಗೆ ದದ್ದು ಎದ್ದಂತೆ ಕಾಣುತ್ತದೆ. ಬಾಗಿಲಿಲ್ಲದ ಕಾರಣ ಪಾಲಿಷ್ ಹಚ್ಚಿದ ದಿನ ಅವರು ಗರಗಸ ಮುಟ್ಟುವಂತಿಲ್ಲ, ಕೀಸುಳಿ ಹಿಡಿಯುವಂತಿಲ್ಲ. ಮಳಿಗೆಯಲ್ಲಿ ಸುಮ್ಮನೆ ಕೂತಿರಬೇಕು. ಗಿರಾಕಿಗಳು ಕಿಚಾಯಿಸುತ್ತಾರೆ: “ಏನ್ರೀ ಮೇಸ್ತ್ರಿ, ನಿಮಗೇ ಒಂದು ಬಾಗಿಲು ಮಾಡ್ಕೊಳ್ಳೋಕೆ ಪುರುಸೊತ್ತಿಲ್ವಾ?” ಅವರು ತಲೆ ಎತ್ತದೆ ಹೇಳುತ್ತಾರೆ: “ಒಳ್ಳೇ ಬಡಗಿ ಸಿಗ್ತಿಲ್ಲ ಸ್ವಾಮಿ.”

ಆ ಕೋಣೆಗೆ ಹಿಂದೆ ಬಾಗಿಲಿತ್ತು. ಅದು ಹೋದದ್ದು ಹೇಗೆಂದು ಮಗುವಿನ ತಾಯಿಗೆ ತಿಳಿದದ್ದು ಒಂದೇ ಸಲಕ್ಕಲ್ಲ. ಒಂದಿಷ್ಟು ದೊಡ್ಡಮ್ಮನಿಂದ, ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹೇಳಿದ ಅರ್ಧರ್ಧ ಮಾತುಗಳಲ್ಲಿ. ಒಂದಿಷ್ಟು ಆಮೇಲೆ ಅವರಿಂದಲೇ. ಉಳಿದದ್ದಕ್ಕೆ ಅವಳೇ ಸಾಕ್ಷಿ.

ಅವರು ಮದುವೆಗೆ ಮುಂಚೆ ದೂರದ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಕೆಲಸಗಾರರ ಶೆಡ್ಡಿನಲ್ಲಿ ಮುದುರಿದ ಹೊಲಸು ಚಿತ್ರದ ಪುಸ್ತಕವೊಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ನೋಡಿ, ನಕ್ಕು, ಆಚೆ ಎಸೆದವರೂ ಅಲ್ಲಿದ್ದರು. ಇವರ ಕೈಯಿಂದ ಅದು ಮುಂದೆ ಹೋಗಲಿಲ್ಲ. ಮದುವೆಯಾದರೆ ಸರಿಹೋಗುತ್ತದೆ ಅಂದುಕೊಂಡರು, ಹೋಗಲಿಲ್ಲ. ಮಗಳು ಹುಟ್ಟಿದಾಗ ಅವಳನ್ನು ಎದೆಗವಚಿಕೊಂಡು ಇನ್ನು ಮುಗಿಯಿತು ಎಂದು ದೇವರಿಗೆ ಮಾತು ಕೊಟ್ಟರು. ಕೆಲಕಾಲ ನಡೆಯಿತು. ಆಮೇಲೆ ಬಂತು ಫೋನು. ಗಿರಾಕಿಗಳು ಬಾಗಿಲಿನ ಚಿತ್ರ ಕಳಿಸಲಿ ಎಂದು ತೆಗೆದುಕೊಂಡದ್ದು. ಹಿಂದೆ ಹುಡುಕಿಕೊಂಡು ಹೋಗಬೇಕಾಗಿದ್ದದ್ದು ಈಗ ತಾನೇ ಬಂದು ಅಂಗಿಯ ಕಿಸೆಯಲ್ಲಿ ಕೂತಿತು.

ಪಾಲಿಷ್ ಕೋಣೆಯ ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟುತ್ತಿರಲಿಲ್ಲ. ಹೊಟ್ಟು ಒಳಗೆ ಹೋದರೆ ಅಪ್ಪ ಬೈಯುತ್ತಾರೆ ಎಂದು ಮಗಳು ಚಿಕ್ಕಂದಿನಿಂದ ಆ ಕಡೆ ಸುಳಿಯದೆ ಬೆಳೆದಿದ್ದಳು. ಅವರು ಒಳಗೆ ಕೂತು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಅದೇ ಕೋಣೆಯಲ್ಲಿ ಮಂಡಿಯೂರಿ ಅಳುತ್ತಿದ್ದರು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದರೆ ಪಾಲಿಷಿನ ಘಾಟು ಎನ್ನುತ್ತಿದ್ದರು. ಹೆಂಡತಿ, ಪಾಪ, ಕಣ್ಣಿಗೆ ತಣ್ಣೀರಿನಲ್ಲಿ ಬಟ್ಟೆ ಒದ್ದೆ ಮಾಡಿ ಕೊಡುತ್ತಿದ್ದಳು.

ಚರ್ಚಿನಲ್ಲಿ ತಿಂಗಳಿಗೊಮ್ಮೆ ಪ್ರಭುಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳಲು ಸಭೆಯವರೆಲ್ಲ ಸಾಲಾಗಿ ಮುಂದೆ ಹೋಗುತ್ತಾರೆ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡವರು ಅದನ್ನು ಮುಟ್ಟಬಾರದು ಎಂಬುದು ನಂಬಿಕೆ. ಆ ಭಾನುವಾರಗಳಲ್ಲೇ ಚರ್ಚಿನ ಬಾಗಿಲಿಗೆ ಏನಾದರೊಂದು ಕಾಯಿಲೆ ಬರುತ್ತಿತ್ತು. ಒಮ್ಮೆ ಕೀಲು ಒಣಗಿದೆ, ಒಮ್ಮೆ ಚಿಲಕ ಸಡಿಲ. ಬಡಗಿ ಎಣ್ಣೆಯ ಡಬ್ಬಿ ಹಿಡಿದು ಹೊಸ್ತಿಲ ಬಳಿ ಬಗ್ಗಿರುತ್ತಿದ್ದರು. “ಎಷ್ಟು ಶ್ರದ್ಧೆ ನೋಡಿ, ಭಾನುವಾರವೂ ಬಿಡಲ್ಲ” ಎಂದು ಜನ ಹೊಗಳುತ್ತಿದ್ದರು. ಮಗಳು ಮಾತ್ರ ಒಂದು ಸಲ ಕೇಳಿದ್ದಳಂತೆ: “ಅಪ್ಪಾ, ನೀನು ಯಾವತ್ತೂ ಮುಂದೆ ಬರೋದೇ ಇಲ್ವಲ್ಲ?” ಅವರು ಎಣ್ಣೆಯ ಕೈ ತೋರಿಸಿದರು.

ಆ ಮಗಳು ಓದಿ ನರ್ಸ್ ಆದಳು. ಒಳ್ಳೆಯ ಕಂಠ. ಹಾಡುವವರ ಗುಂಪಿನಲ್ಲಿ ಅವಳೂ ಮಹಡಿ ಮನೆಯ ಈ ತಾಯಿಯೂ ಪಕ್ಕಪಕ್ಕದಲ್ಲೇ ನಿಲ್ಲುತ್ತಿದ್ದರು. ಮಗು ಹುಟ್ಟಿದಾಗ ಮೊದಲು ಎಣ್ಣೆ ಸವರಿ ಮೈ ತಿಕ್ಕಿದವಳೂ ಅವಳೇ. “ಅಕ್ಕಾ, ನಿಮ್ಮ ಮಗಳು ಶ್ರುತಿ ತಪ್ಪದೆ ಅಳ್ತಾಳೆ, ಗುಂಪಿಗೆ ಸೇರಿಸ್ಕೊಳ್ಳೋಣ” ಎಂದು ನಗುತ್ತಿದ್ದಳು.

ಒಂದು ಸಂಜೆ ಅವಳ ಫೋನು ಕೆಟ್ಟಿತ್ತು. ಹಾಡು ಅಭ್ಯಾಸ ಮಾಡಬೇಕೆಂದು ಅಪ್ಪನ ಫೋನು ತೆಗೆದುಕೊಂಡಳು. ಅಡುಗೆಮನೆಯಲ್ಲಿ ದೊಡ್ಡಮ್ಮ ತರಕಾರಿ ಹೆಚ್ಚುತ್ತಿದ್ದಳು. ಹಾಡಿನ ಬದಲು ಬೇರೇನೋ ತೆರೆದುಕೊಂಡಿತು. ಅವಳು ಕೂಗಲಿಲ್ಲ. ಫೋನನ್ನು ಕಪಾಟಿನ ಮೇಲೆ ಬೋರಲು ಇಟ್ಟು, “ಅಮ್ಮಾ, ನನಗೆ ಇವತ್ತು ಹಸಿವಿಲ್ಲ” ಎಂದು ಎದ್ದುಹೋದಳು.

ಆ ಮನೆಯ ಒಳಕೋಣೆಗಳ ಬಾಗಿಲಿಗೂ ಚಿಲಕಗಳಿದ್ದವು. ಆದರೆ ಯಾರೂ ಯಾವತ್ತೂ ಹಾಕಿದವರಲ್ಲ. ಅಂದು ಮಲಗುವ ಹೊತ್ತಿಗೆ ಮಗಳ ಕೋಣೆಯಿಂದ ಚಿಲಕ ಜಾರಿದ ಸದ್ದು ಬಂತು. ಸದ್ದೇ ಬರಬಾರದೆಂದು ಅವರೇ ಅರ ಹಾಕಿ, ಉಜ್ಜಿ ಉಜ್ಜಿ ಕೂರಿಸಿದ ಚಿಲಕ ಅದು. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅವರಿಗೆ ಕೇಳಿಸಿತು. ಮರುದಿನವೂ ಕೇಳಿಸಿತು, ಅದರ ಮರುದಿನವೂ. ಮಗಳು ಏನು ನೋಡಿದ್ದಾಳೆ ಎಂದು ಯಾರೂ ಹೇಳಬೇಕಾಗಲಿಲ್ಲ.

ಅವಳು ಬಾಯಿ ಬಿಡುವ ಮೊದಲು ತಾನೇ ಹೆಂಡತಿಗೆ ಹೇಳಬೇಕು ಎಂದು ಹೊರಟರು. ದೊಡ್ಡಮ್ಮ ಒಗೆದ ಹಾಸುಬಟ್ಟೆ ಮಡಿಸುತ್ತಿದ್ದಳು. “ಆ ತುದಿ ಹಿಡ್ಕೊಳ್ಳಿ” ಎಂದಳು. ಅವರು ಹಿಡಿದುಕೊಂಡು ಹೇಳಿದರು. ಹಾಸುಬಟ್ಟೆ ಮಡಿಸುವ ಇಬ್ಬರು ಪ್ರತಿ ಮಡಿಕೆಗೂ ಹತ್ತಿರ ಬರಲೇಬೇಕು. ಅವರು ಹೇಳುತ್ತ ಹೋದರು, ಅವಳು ಮಡಿಸುತ್ತ ಹೋದಳು. ಕೊನೆಗೆ ಮುಖಕ್ಕೆ ಮುಖ ಬಂದಾಗ ಕೇಳಿದಳು:

“ನಾನು ದಪ್ಪ ಆದೆ ಅಂತಲಾ?”

“ಅಲ್ಲ ಕಣೇ. ನಿನ್ನ ಕೈ ಹಿಡಿಯೋ ಮುಂಚಿನಿಂದಲೂ.”

ಅದು ಸಮಾಧಾನದ ಮಾತಾಗುತ್ತದೆ ಅಂದುಕೊಂಡಿದ್ದರು. ಅವಳು ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟಳು.

“ಹಾಗಾದ್ರೆ ನಾನು ಈ ಮನೆಗೆ ಬಂದಿದ್ದೇ ನಿಮಗೆ ಗೊತ್ತಾಗ್ಲಿಲ್ವಾ?”

ಈ ಮಾತನ್ನು ತಾರಸಿಯಲ್ಲಿ ಹೇಳುವಾಗ ದೊಡ್ಡಮ್ಮ ಅಳಲಿಲ್ಲ. ಹಗ್ಗದ ಮೇಲಿನ ಬಟ್ಟೆಗೆ ಕ್ಲಿಪ್ಪು ಹಾಕಿ, ತೆಗೆದು, ಮತ್ತೆ ಅಲ್ಲಿಗೇ ಹಾಕಿದಳು.

ಅದೇ ವಾರ ಅವರು ಪಾಲಿಷ್ ಕೋಣೆಯ ಬಾಗಿಲನ್ನು ಕೀಲುಗಳಿಂದ ಬಿಚ್ಚಿದರು. ಸಾಮಾನ್ಯವಾಗಿ ಹಳೆಯ ಸ್ಕ್ರೂ ತೆಗೆದ ತೂತಿಗೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ, ಗುರುತೂ ಸಿಗದಂತೆ. ಇದರ ತೂತುಗಳನ್ನು ತುಂಬಲಿಲ್ಲ. ಬಾಗಿಲನ್ನು ಮಲಗಿಸಿ, ಕೆಳಗೆ ನಾಲ್ಕು ಕಾಲು ಕೊಟ್ಟು ಮಳಿಗೆಯ ಮುಂದೆ ಮೇಜು ಮಾಡಿದರು. ಮಗು ಈಗ ಅದರ ಮೇಲೇ ಬಳಪದಿಂದ ಚಿತ್ರ ಬರೆಯುತ್ತದೆ. ಅವರು ಚರ್ಚಿನ ಪಾಸ್ಟರಿಗೆ ಎಲ್ಲ ಹೇಳಿ, ಫೋನನ್ನು ಅವರ ಕೈಗೆ ಕೊಟ್ಟು, ಗುಂಡಿ ಒತ್ತುವ ಹಳೆಯ ಫೋನು ಇಟ್ಟುಕೊಂಡರು. ಪಾಸ್ಟರ್ ಒಂದು ಮಾತು ಹೇಳಿದರು: “ಒಬ್ಬರೇ ಹೊರಬೇಡಿ. ನಿಮ್ಮ ವಯಸ್ಸಿನವರೊಬ್ಬರಿಗೆ ಹೇಳಿ. ಅವರು ವಾರಕ್ಕೊಮ್ಮೆ ಕೇಳಲಿ, ನೀವು ನಿಜ ಹೇಳಿ.”

ಅವರು ಆರಿಸಿಕೊಂಡದ್ದು ದರ್ಜಿಯನ್ನು. ಅಡ್ಡಬೀದಿಯ ದರ್ಜಿ ಬಾಲ್ಯದ ಗೆಳೆಯ, ಸಭೆಯ ಹಿರಿಯ. ಚಿನ್ನದಂಥ ಮನಸ್ಸು, ಬಾಯಿಗೆ ಮಾತ್ರ ಗುಂಡಿ ಹೊಲಿಯುವುದನ್ನು ದೇವರು ಮರೆತಿದ್ದ. ಪ್ರತಿ ಶನಿವಾರ ಅಳತೆಯ ಪಟ್ಟಿ ಕೊರಳಿಗೆ ಹಾಕಿಕೊಂಡೇ ಮಳಿಗೆಗೆ ಬಂದು ಕೇಳುತ್ತಿದ್ದ, “ಏನಯ್ಯಾ, ಈ ವಾರ ಹೇಗೆ?”

“ಈ ವಾರ ಪರವಾಗಿಲ್ಲ.”

“ನನ್ನ ಮುಖ ನೋಡಿ ಹೇಳು.”

“ನಿನ್ನ ಮುಖ ನೋಡೋದೇ ಒಂದು ಶಿಕ್ಷೆ. ಪರವಾಗಿಲ್ಲ ಅಂದ್ನಲ್ಲ.”

ಇಬ್ಬರೂ ನಗುತ್ತಿದ್ದರು. ಆ ನಗು ಮಹಡಿಗೂ ಕೇಳಿಸುತ್ತಿತ್ತು. ಮಗಳ ಕೋಣೆಯ ಚಿಲಕ ಮಾತ್ರ ಬೀಳುತ್ತಲೇ ಇತ್ತು. ಆದರೆ ಬೆಳಿಗ್ಗೆ ಅವಳು ಅಪ್ಪನ ಕಾಫಿಯನ್ನು ಮೇಜಿನ ಮೇಲೆ ಇಟ್ಟುಹೋಗುವಷ್ಟಕ್ಕೆ ಬಂದಿದ್ದಳು. ಇನ್ನೊಂದಿಷ್ಟು ದಿನ ಹೋದರೆ ಕೈಗೇ ಕೊಟ್ಟಾಳು ಎಂದು ಅವರು ಕಾಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ: ಮಗಳು ಒಂದು ಸಲ ಮುಖ ಕೊಟ್ಟು ಮಾತಾಡಬೇಕು.

ಆಗ ಬಂತು ಆ ಶುಕ್ರವಾರದ ಪ್ರಾರ್ಥನಾ ಕೂಟ.

ಕೂಟದಲ್ಲಿ ಮೊದಲು ಪ್ರಾರ್ಥನೆಯ ವಿಷಯ ಹೇಳುತ್ತಾರೆ. ಒಬ್ಬರಿಗೆ ಮಂಡಿನೋವು, ಒಬ್ಬರ ಮಗನಿಗೆ ಪರೀಕ್ಷೆ, ಒಬ್ಬರ ಮನೆಗೆ ಬಾಡಿಗೆದಾರ ಸಿಕ್ಕಿಲ್ಲ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಒಬ್ಬೊಬ್ಬರಾಗಿ ಪ್ರಾರ್ಥಿಸುತ್ತಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಹಡಿ ಮನೆಯವಳೂ ಅಲ್ಲಿದ್ದಳು. ದೊಡ್ಡಪ್ಪ, ದೊಡ್ಡಮ್ಮ ಮುಂದಿನ ಸಾಲಿನಲ್ಲಿ. ಅವರ ಮಗಳು ಗೋಡೆಯ ಪಕ್ಕ. ದರ್ಜಿಯ ಸರದಿ ಬಂತು. ಅವನು ಗೆಳೆಯನಿಗಾಗಿ ಆ ವಾರವಿಡೀ ಉಪವಾಸವಿದ್ದನಂತೆ, ಅದು ಆಮೇಲೆ ಗೊತ್ತಾದ ಸಂಗತಿ. ಎದ್ದುನಿಂತು ಶುರುಮಾಡಿದ.

“ಕರ್ತನೇ, ಒಬ್ಬ ಸಹೋದರನಿಗಾಗಿ ಬೇಡ್ತೀನಿ. ಹೆಸರು ಹೇಳಲ್ಲ ಸ್ವಾಮಿ, ಹೆಸರು ನಿನಗೇ ಗೊತ್ತು. ಬಾಗಿಲು ಮಾಡೋ ಆ ನಿನ್ನ ಮಗನ ಕಣ್ಣು ಕಾಪಾಡು ತಂದೆ. ಫೋನಿನಲ್ಲಿ ಬರೋ ಆ ಹೊಲಸು ಚಿತ್ರಗಳಿಂದ ಅವನನ್ನ ಬಿಡಿಸು. ಅವನ ಹೆಂಡತಿಗೆ ಸಹನೆ ಕೊಡು...”

ಬಾಗಿಲು ಮಾಡುವವರು ಆ ಸಭೆಯಲ್ಲಿ ಒಬ್ಬರೇ. ಎಲ್ಲರ ಕಣ್ಣೂ ಮುಚ್ಚಿತ್ತು. ಮಹಡಿ ಮನೆಯವಳ ಕಣ್ಣು ತಾನಾಗಿ ತೆರೆಯಿತು. ಗೋಡೆಯ ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣೂ ತೆರೆದಿತ್ತು. ಬಡಗಿಯ ಮಗಳು ಅವಳನ್ನೇ ನೋಡುತ್ತಿದ್ದಳು, ‘ಅಕ್ಕಾ, ನಿಮಗೂ ಕೇಳಿಸ್ತಾ?’ ಎನ್ನುವ ಹಾಗೆ. ಮಹಡಿ ಮನೆಯವಳು ಮಗುವಿನ ಕಿವಿ ಮುಚ್ಚಿದಳು, ಏನೂ ಅರ್ಥವಾಗದ ಎಳೆಯ ಮಗುವಿನ ಕಿವಿಯನ್ನು. ದರ್ಜಿ ಮುಗಿಸಿದಾಗ ಯಾರ ಬಾಯಿಂದಲೂ ಆಮೆನ್ ಹೊರಡಲಿಲ್ಲ. ಕೊನೆಗೆ, ಕಿವಿ ಮಂದವಾದ ಮುದುಕಿಯೊಬ್ಬಳು, ನಿಶ್ಶಬ್ದವಾಯಿತಲ್ಲ ಮುಗಿದಿರಬೇಕು ಎಂದು, ಗಟ್ಟಿಯಾಗಿ “ಆಮೆನ್!” ಎಂದಳು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ದರ್ಜಿ ಗೆಳೆಯನ ಹೆಗಲು ತಟ್ಟಿದ. “ನೋಡ್ದ್ಯಾ, ನಿನ್ನ ಹೆಸರು ಎತ್ತಲೇ ಇಲ್ಲ!” ಅವನ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಬಡಗಿ ಅವನನ್ನು ಬೈಯಲಿಲ್ಲ.

ಮರುದಿನದಿಂದ ಸಭೆಯ ಹೆಂಗಸರು ಗುಂಪುಗುಂಪಾಗಿ ಬರತೊಡಗಿದರು. ಹಣ್ಣು ತಂದರು. ದೊಡ್ಡಮ್ಮನ ಕೈ ಹಿಡಿದು “ನಿಮಗಾಗಿ ಪ್ರಾರ್ಥನೆ ಮಾಡ್ತಿದ್ದೀವಿ” ಎಂದರು. ಹೋಗುವಾಗ ಮಗಳನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರಿಟ್ಟರು. ಮೂರನೆಯ ತಂಡ ಹೊರಟುಹೋದಾಗ ಅವಳು ಮಳಿಗೆಗೆ ಬಂದು ಅಪ್ಪನ ಎದುರು ನಿಂತಳು. ಮೇಲಿನ ಮೆಟ್ಟಿಲಲ್ಲಿ ಮಗುವಿಗೆ ಉಣಿಸುತ್ತಿದ್ದ ತಾಯಿಯ ಕೈಯಲ್ಲಿ ತುತ್ತು ಹಾಗೇ ನಿಂತಿತು.

“ಅಪ್ಪಾ, ನಾನು ನೋಡಿದ್ದನ್ನ ನನ್ನ ಹೊಟ್ಟೇಲೇ ಇಟ್ಕೊಂಡಿದ್ದೆ. ಅಮ್ಮಂಗೂ ಹೇಳಿರ್ಲಿಲ್ಲ. ನಿನ್ನ ಮರ್ಯಾದೆ ಹೋಗ್ಬಾರದು ಅಂತ. ಈಗ ಬೀದೀಲಿ ಹೋದ್ರೆ ನನ್ನನ್ನ ನೋಡಿ ಪಾಪ ಅಂತಾರೆ. ನಾನೇನು ಮಾಡಿದ್ದೆ?”

ಕೊನೆಗೂ ಮಗಳು ಮುಖ ಕೊಟ್ಟು ಮಾತಾಡಿದ್ದಳು. ಅವರು ಕಾದಿದ್ದ ಮಾತು ಅದಾಗಿರಲಿಲ್ಲ.

“ನಿನ್ನದೇನೂ ತಪ್ಪಿಲ್ಲಮ್ಮಾ.”

“ಗೊತ್ತು. ನನಗೆ ಗೊತ್ತು. ಅದನ್ನ ಇಡೀ ಸಭೆಗೆ ಹೇಳ್ತೀಯಾ?”

ಅವಳು ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು ಹೋದಳು. ಅಪ್ಪನ ಫೋನಿಗೆ ಉತ್ತರಿಸಲಿಲ್ಲ. ಮಹಡಿ ಮನೆಯವಳ ಜೊತೆ ಮಾತ್ರ ಆಗೀಗ ಮಾತಾಡುತ್ತಿದ್ದಳು. ಮಗು ಹೇಗಿದೆ, ಯಾವ ಹಾಡು ಕಲೀತಿದ್ದೀರಿ. ಅಪ್ಪನ ಮಾತು ಬಂದರೆ “ಅಕ್ಕಾ, ಡ್ಯೂಟಿಗೆ ಹೊತ್ತಾಯ್ತು” ಎಂದು ಇಟ್ಟುಬಿಡುತ್ತಿದ್ದಳು. ಅಲ್ಲೇ ಜೊತೆಯಲ್ಲಿ ಕೆಲಸ ಮಾಡುವ ಹುಡುಗನನ್ನು ಮದುವೆಯಾದಳು. “ಅಮ್ಮ ಬಂದ್ರೆ ಸಾಕು” ಎಂದು ಹೇಳಿಕಳಿಸಿದಳು. ಮದುಮಗಳನ್ನು ಕೈ ಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಹೋಗುವವನು ತಂದೆ. ಅವಳನ್ನು ತಾಯಿ ನಡೆಸಿದಳು.

ಆ ದಿನ ಬೆಳಗಿನಿಂದ ಕೆಳಗೆ ಕೀಸುಳಿಯ ಸದ್ದು ನಿಲ್ಲಲೇ ಇಲ್ಲ. ಮಧ್ಯಾಹ್ನ ಮಗುವಿನ ತಾಯಿ ಊಟ ತೆಗೆದುಕೊಂಡು ಹೋದಾಗ ಅವರು ಮೊಣಕಾಲವರೆಗೆ ಮರದ ಸಿಪ್ಪೆಯಲ್ಲಿ ನಿಂತಿದ್ದರು. ಮುಂದೆ ಯಾರದೋ ಹೊಸ ಬಾಗಿಲು. ಒಂದು ಅಂಚು ಕೀಸಿ ಕೀಸಿ, ಚೌಕಟ್ಟಿಗೆ ಇಟ್ಟರೆ ಪಕ್ಕದಲ್ಲಿ ಕೈ ತೂರಿಸುವಷ್ಟು ಸಂದು ಬರುವ ಹಾಗೆ ಆಗಿತ್ತು.

“ದೊಡ್ಡಪ್ಪಾ, ಸಾಕು. ಹೆಚ್ಚಾಯ್ತು.”

ಅವರು ಬಾಗಿಲನ್ನು ನೋಡಿದರು, ಯಾರೋ ಬೇರೆಯವರು ಕೆಡಿಸಿದ ಕೆಲಸವನ್ನು ನೋಡುವಂತೆ. “ಹೌದಲ್ಲಮ್ಮಾ” ಎಂದರು. ಮೊದಲ ಸಲ ಮರ ಹಾಳುಮಾಡಿದ್ದರು.

ಇಷ್ಟಾದ ಮೇಲೆ ಅವರು ಮತ್ತೆಂದೂ ಜಾರಲಿಲ್ಲ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಜಾರಿದರು. ಗಿರಾಕಿಯೊಬ್ಬರು, “ಇದರಲ್ಲಿ ಬಾಗಿಲಿನ ಚಿತ್ರಗಳಿವೆ, ನೋಡಿ ಆರಿಸಿಡಿ” ಎಂದು ತಮ್ಮ ಹಳೆಯ ಫೋನನ್ನು ಬಿಟ್ಟುಹೋದರು. ಮದುವೆಗೆಂದು ಹೋದ ದೊಡ್ಡಮ್ಮ ಹಿಂದಿರುಗಿ ಬಂದ ಹೊಸತು. ಸಂಜೆ ಅವಳು ತಟ್ಟೆ ಹಾಕುವಾಗ ಅವರು ಬಾಗಿಲ ಬಳಿಯೇ ನಿಂತು, “ಇವತ್ತು ಮತ್ತೆ ನೋಡ್ಬಿಟ್ಟೆ” ಎಂದರು. ದೊಡ್ಡಮ್ಮ ಅವರ ತಟ್ಟೆಯನ್ನು ನೆಟ್ಟಗೆ ಸರಿಸಿಟ್ಟಳು.

“ಕೇಳೋಕೆ ಮುಂಚೆ ಹೇಳಿದ್ರಿ. ಹಿಂದೆಲ್ಲ ಹೇಳ್ತಿರ್ಲಿಲ್ಲ” ಎಂದಳು. “ಕೂತ್ಕೊಳ್ಳಿ. ಊಟ ಆರಿಹೋಗುತ್ತೆ.”

ಬಡಿಸಿ, ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬೆಳಿಗ್ಗೆ ಅವರು ಫೋನನ್ನು ಗಿರಾಕಿಗೆ ವಾಪಸು ಕೊಟ್ಟು, “ಕಾಗದದ ಮೇಲೆ ಬರೆದುಕೊಡಿ ಸ್ವಾಮಿ, ನನಗೆ ಇದು ಆಗಿಬರಲ್ಲ” ಎಂದರು. ಶನಿವಾರ ದರ್ಜಿಗೂ ಹೇಳಿದರು. ದರ್ಜಿ ಈಗ ಪ್ರಾರ್ಥನಾ ಕೂಟದಲ್ಲಿ ಬಾಯಿ ಬಿಡುವುದಿಲ್ಲ. “ಮಳೆ ಬೆಳೆಗೆ ಮಾತ್ರ ಬೇಡ್ಕೋತೀನಪ್ಪಾ, ಅದರಲ್ಲಿ ಯಾರ ಮಾನವೂ ಹೋಗಲ್ಲ” ಅನ್ನುತ್ತಾನೆ. ಅನ್ನುವಾಗ ಅವನ ಕಣ್ಣು ತುಂಬುತ್ತದೆ. ಆದರೆ ಶನಿವಾರ ತಪ್ಪಿಸುವುದಿಲ್ಲ.

ಆಮೇಲಿನ ಒಂದು ಪ್ರಭುಭೋಜನದ ಭಾನುವಾರ. ಬಡಗಿ ಎಂದಿನಂತೆ ಎಣ್ಣೆಯ ಡಬ್ಬಿ ಹಿಡಿದು ಹೊಸ್ತಿಲ ಬಳಿ. ಎಲ್ಲರದೂ ಮುಗಿದ ಮೇಲೆ ಪಾಸ್ಟರ್ ತಟ್ಟೆಯನ್ನೂ ಪಾತ್ರೆಯನ್ನೂ ಹಿಡಿದು ನಡುವಿನ ದಾರಿಯಲ್ಲಿ ಬಾಗಿಲವರೆಗೆ ನಡೆದುಬಂದರು. ಹಿಂದಿನ ಬೆಂಚಿನಲ್ಲಿ ಮಗುವನ್ನು ಸಂಭಾಳಿಸುತ್ತಿದ್ದವಳಿಗೆ ಮಾತು ಸ್ಪಷ್ಟವಾಗಿ ಕೇಳಿಸಿತು.

“ಅಯ್ಯನವರೇ, ನಾನಿನ್ನೂ ಗೆದ್ದಿಲ್ಲ.”

“ಇದು ಗೆದ್ದವರ ಊಟ ಅಂತ ನಿಮಗೆ ಯಾರು ಹೇಳಿದ್ದು?”

ಅವರು ಅಂಗಿಗೆ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಎಣ್ಣೆ ಹೋಗಲಿಲ್ಲ. ಹಾಗೇ ಚಾಚಿದರು.

ಅಂದಿನಿಂದ ಇಂದಿನವರೆಗೆ ಕಾಲ ಬಹಳ ಹೋಗಿದೆ. ಶನಿವಾರಗಳು ಒಂದರ ಹಿಂದೊಂದು ಚೆನ್ನಾಗಿ ಕಳೆದಿವೆ. ಅವರ ಹುಬ್ಬು ಬೆಳ್ಳಗಾಗಿದೆ, ತೊಡೆಯ ಮೇಲಿದ್ದ ಮಗು ಪ್ರಶ್ನೆ ಕೇಳುವಷ್ಟು ಉದ್ದವಾಗಿದೆ. ಮಗಳು ಮಾತ್ರ ಬಂದಿಲ್ಲ. ಹೋದ ತಿಂಗಳು ಅವಳಿಗೆ ದಿನ ಹತ್ತಿರ ಬಂತೆಂದು ದೊಡ್ಡಮ್ಮ ಬಾಣಂತನಕ್ಕೆ ಹೊರಟುನಿಂತಳು. ಬಡಗಿ ಬಸ್ಸಿನವರೆಗೆ ಚೀಲ ಹೊತ್ತು, ಕಿಟಕಿಯ ಕೆಳಗೆ ನಿಂತು, “ಅವಳಿಗೆ ಹೇಳು” ಎಂದರು. ಏನು ಹೇಳಬೇಕೆಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು.

ಬಚ್ಚಲುಮನೆಯ ಪ್ರಶ್ನೆ ಬಂದದ್ದು ಈ ನಡುವೆ. ತಲೆ ಒರೆಸಿದ್ದೇ ತಡ ಮಗು ಕೆಳಗೆ ಓಡಿತು. ತಾಯಿ ಟವೆಲ್ ಹಿಡಿದು ಹಿಂದೆಯೇ ಇಳಿದಳು. ತಡವಾಗಿತ್ತು.

“ತಾತಾ, ನಿಮ್ಮ ಕೋಣೆಗೆ ಯಾಕೆ ಬಾಗಿಲಿಲ್ಲ?”

ಅವರು ಚಿಲಕವೊಂದಕ್ಕೆ ಅರ ಹಾಕುತ್ತಿದ್ದರು. ತಾಯಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು.

“ಬಾಗಿಲು ಹಾಕ್ಕೊಂಡ್ರೆ ನಾನು ತಂಟೆ ಮಾಡ್ತಿದ್ದೆ ಪುಟ್ಟಾ.”

“ಏನು ತಂಟೆ?”

“ನೋಡಬಾರದ್ದನ್ನ ಕದ್ದು ನೋಡ್ತಿದ್ದೆ.”

“ಅಷ್ಟೇನಾ? ನಾನೂ ನೋಡ್ತೀನಿ. ಚಾಕಲೇಟು ಎಲ್ಲಿಟ್ಟಿದ್ದಾರೆ ಅಂತ.” ಮಗು ಮೇಜು ಹತ್ತಿ ಕೂತಿತು. “ಆಮೇಲೆ ಅಮ್ಮ ಬೈದ್ರಾ?”

“ಇಲ್ಲ. ನನ್ನ ಮಗಳು ಹೊರಟುಹೋದ್ಲು.”

ಮಗು ಕಾಲಾಡಿಸುತ್ತ ಕೇಳಿತು: “ಈಗ ಬಾಗಿಲಿಲ್ಲ ಅಂತ ಅವರಿಗೆ ಗೊತ್ತಾ?”

ಅವರು ಅರವನ್ನು ಕೆಳಗಿಟ್ಟರು. “ಗೊತ್ತಿಲ್ಲ ಅನ್ಸುತ್ತೆ ಪುಟ್ಟಾ” ಎಂದರು.

ಇದಾಗಿ ವಾರವೂ ಕಳೆದಿಲ್ಲ. ನಿನ್ನೆ ಮಧ್ಯಾಹ್ನ ಮಗುವನ್ನು ಮಲಗಿಸಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಮಹಡಿ ಮನೆಯವಳ ಫೋನು ಟಿಣ್ ಎಂದಿತು. ದೊಡ್ಡಮ್ಮ ಕಳಿಸಿದ್ದು. ಬಿಳಿ ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸು, ಮುಷ್ಟಿ ಕೆನ್ನೆಗೆ ಒತ್ತಿಕೊಂಡು ನಿದ್ದೆ. ಅದರ ಕೆಳಗೆ ಧ್ವನಿಸಂದೇಶದಲ್ಲಿ ದೊಡ್ಡಮ್ಮನ ಪಿಸುಮಾತು: “ಅವರಿಗೆ ಒಂದು ಸಲ ತೋರಿಸಮ್ಮಾ. ಇವಳು ಸ್ನಾನಕ್ಕೆ ಹೋದಾಗ ತೆಗೆದೆ. ಅಪ್ಪನಿಗೆ ಫೋಟೋ ಕಳಿಸ್ಬೇಡ ಅಂದಿದ್ದಾಳೆ. ಇವಳಿಗೆ ಮಾತ್ರ ಗೊತ್ತಾಗ್ಬಾರದು.”

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ ಮೆಟ್ಟಿಲು ಹಾರಿ ಇಳಿದಳು.

“ದೊಡ್ಡಪ್ಪಾ! ಮೊಮ್ಮಗಳು! ಬನ್ನಿ, ನೋಡಿ ಬನ್ನಿ!”

ಅವರ ಕೈಯಿಂದ ಬ್ರಷ್ಷು ಬಿತ್ತು. ಪಾಲಿಷ್ ಹಚ್ಚುವ ದಿನ ಅದು. ನಲ್ಲಿಯ ಕೆಳಗೆ ಕೈ ತೊಳೆದರು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ಬೆಳಕಿಗೆ ಹಿಡಿದು ಮತ್ತೆ ಒರೆಸಿದರು. ಮೇಜಿನ ಹತ್ತಿರ ಬಂದು ನಿಂತಾಗ ಅವರ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಎಳೆತನ ಇತ್ತು. ಅವಳು ಫೋನು ಮುಂದೆ ಚಾಚಿದಳು. ಅವರು ಬಗ್ಗಿದರು; ಬಗ್ಗಿದವರು ನಡುವೆಯೇ ನಿಂತರು.

“ಮಗಳು ಕಳಿಸಿದ್ಲಾ?”

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮೇಜಿನ ಮುಂದೆ ನಿಂತು ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

“ದೊಡ್ಡಮ್ಮ ಕಳಿಸಿದ್ದು. ಅವಳು... ಬೇಡ ಅಂದಿದ್ಲಂತೆ. ಅವಳಿಗೆ ಗೊತ್ತಿಲ್ಲ. ಏನೀಗ ದೊಡ್ಡಪ್ಪಾ, ನಿಮ್ಮದೇ ಮೊಮ್ಮಗು. ಒಂದು ಸಲ ನೋಡ್ಬಿಡಿ, ಯಾರು ಹೇಳ್ತಾರೆ?”

ಅವರು ಕನ್ನಡಕ ತೆಗೆದರು. ಕನ್ನಡಕ ಇಲ್ಲದಿದ್ದರೆ ಅವರಿಗೆ ಹತ್ತಿರದ್ದು ಕಾಣುವುದಿಲ್ಲ. ಕೈ ಮುಂದೆ ಮಾಡಿ, ಫೋನನ್ನು ಅವಳಿಂದ ತೆಗೆದುಕೊಂಡು, ಮೇಜಾಗಿ ಮಲಗಿದ್ದ ಆ ಹಳೆಯ ಬಾಗಿಲಿನ ಮೇಲೆ ಬೋರಲು ಇಟ್ಟರು. ಅದರ ಬೆನ್ನ ಮೇಲೆ ಅಂಗೈ ಊರಿಕೊಂಡೇ ಇದ್ದರು, ಮಲಗಿದ ಕೂಸಿನ ಬೆನ್ನ ಮೇಲೆ ಊರುವ ಹಾಗೆ.

“ಯಾರಿಗೂ ಗೊತ್ತಾಗದ ಹಾಗೆ ನೋಡಿ ನೋಡಿಯೇ ಅಲ್ವೇನಮ್ಮಾ, ಅವಳು ಹೋಗಿದ್ದು.”

ಒಳಗಿನ ಕೋಣೆಯಿಂದ ಹಸಿ ಪಾಲಿಷಿನ ವಾಸನೆ ಬರುತ್ತಿತ್ತು. ಚೌಕಟ್ಟಿನಲ್ಲಿ ತುಂಬದೆ ಬಿಟ್ಟ ಸ್ಕ್ರೂ ತೂತುಗಳು ಕಾಣುತ್ತಿದ್ದವು.

“ಆರೋಗ್ಯವಾಗಿದ್ಯಾ ಮಗು? ಅಷ್ಟು ಹೇಳು, ಸಾಕು.”

“ಆರೋಗ್ಯವಾಗಿದೆ ದೊಡ್ಡಪ್ಪಾ.”

“ತಾಯಿ?”

“ಅವಳೂ.”

ಅವರು ತಲೆಯಾಡಿಸಿದರು. ಮೂಗು ಒರೆಸಿಕೊಂಡರು. ಆಮೇಲೆ, ಗಿರಾಕಿಯ ಹತ್ತಿರ ಬಾಗಿಲಿನ ಅಳತೆ ಕೇಳುವಷ್ಟೇ ಮೆಲ್ಲಗೆ, ಸರಿಯಾಗಿ ಕೇಳಿದರು:

“ನನ್ನ ಫೋನು ಅವಳು ಎತ್ತಲ್ಲ, ನಿನ್ನದು ಎತ್ತುತ್ತಾಳೆ. ನನಗೊಂದು ಉಪಕಾರ ಮಾಡ್ತೀಯಾ? ಅವಳನ್ನ ಕೇಳು. ಅಮ್ಮ ಕಳಿಸಿದ್ದಾಳೆ, ನಿಮ್ಮಪ್ಪ ಇನ್ನೂ ನೋಡಿಲ್ಲ, ನೋಡ್ಬಹುದಾ ಅಂತ ಕೇಳು. ನಿಮ್ಮ ದೊಡ್ಡಮ್ಮಂಗೆ ಬೈಗುಳ ಬೀಳುತ್ತೆ, ಬೀಳಲಿ, ಮುಚ್ಚಿಟ್ಟದ್ದು ಸಾಕು ಈ ಮನೇಲಿ. ಅವಳು ಹೂಂ ಅಂದ್ರೆ ಎಷ್ಟು ಹೊತ್ತಾದ್ರೂ ಸರಿ, ಕೂಗು, ನಾನು ಇಲ್ಲೇ ಇರ್ತೀನಿ. ಬೇಡ ಅಂದ್ರೆ...” ಅಂಗೈಯನ್ನು ಫೋನಿನ ಮೇಲಿಂದ ಮೆಲ್ಲಗೆ ಎತ್ತಿದರು. “ಬೇಡ ಅಂದ್ರೆ, ನನಗೆ ತೋರಿಸದೇ ಅಳಿಸಿಬಿಡಮ್ಮಾ.”